ಕಬಾಬ್‌ಗೆ ‘ಚಿಟಿಕೆ ಬಣ್ಣ’ ಬೇಡ, ಬ್ಯಾಡಗಿ ಸಾಕು

ಸಂಪಾದಕರಿಗೆ,

ಮಾನ್ಯರೇ,

ಚಿಕನ್ ಕಬಾಬ್ ಮಾಡುವ ವಿಧಾನ ಎಲ್ಲೇ ಅಚ್ಚಾಗಲಿ, ಸಾಮಗ್ರಿಗಳ ಪಟ್ಟಿಯ ಕೊನೆಗೆ ‘ಕೆಂಪು ಬಣ್ಣ: ಚಿಟಿಕೆ, ಬೇಕಿದ್ದರೆ’ ಎಂಬ ಸಾಲೊಂದು ಇಣುಕುತ್ತದೆ. ಪತ್ರಿಕೆಗಳ ಅಡುಗೆ ಪುರವಣಿಗಳೂ ಇದಕ್ಕೆ ಹೊರತಲ್ಲ. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಹೋದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂತು. ಅವುಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಬಣ್ಣಗಳು. ಆದೇಶ ಮೀರಿದ ಅಂಗಡಿಯವರಿಗೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಇಷ್ಟಾದರೂ ಮನೆಯ ಅಡುಗೆಯಲ್ಲಿ ಆ ಚಿಟಿಕೆ ಉಳಿದುಕೊಂಡಿದೆ. ಕಾರಣ ಸರಳ. ಬಣ್ಣ ಬಿಟ್ಟು ಮಾಡಿದ ಕಬಾಬ್ ಕಂದಾಗುತ್ತದೆ, ಪಾರ್ಸಲ್ ತಿಂದು ರೂಢಿಯಾದ ಮಕ್ಕಳು ತಟ್ಟೆ ದೂಡುತ್ತಾರೆ. ಆದರೆ ಕಬಾಬ್ ಕಂದಾಗುವುದು ಮೆಣಸಿನಕಾಯಿಯ ತಪ್ಪಲ್ಲ, ಅದನ್ನು ಬಳಸುವ ಕ್ರಮದ ತಪ್ಪು. ಪಟ್ಟಿಯ ಆ ಸಾಲು ಹೊಡೆದುಹಾಕಿದರೆ ಅಲ್ಲಿ ಏನು ಬರೆಯಬೇಕು ಎಂಬುದಷ್ಟೇ ಈ ಪತ್ರದ ವಿಷಯ.

ಕೋಳಿಗಿಂತ ಮೊದಲು ಮೆಣಸಿನಕಾಯಿಯ ಮಾತು. ಅರ್ಧ ಕೆಜಿ ಮಾಂಸಕ್ಕೆ 10ರಿಂದ 12 ಬ್ಯಾಡಗಿ ಬೇಕು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿ ಹೆಸರಾಗಿರುವುದು ಖಾರಕ್ಕಿಂತ ಬಣ್ಣಕ್ಕೆ. ಇದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಸತ್ವ ಆಹಾರ ಉದ್ಯಮಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅದು ಬೆಳೆಯುವ ನಾಡಿನಲ್ಲೇ ಕುಳಿತು ನಾವು ಕಬಾಬ್‌ಗೆ ಡಬ್ಬದ ಬಣ್ಣ ಹುಡುಕುತ್ತೇವೆ! ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ: ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಕ್ಕೆ ಉಬ್ಬಿದ್ದು ಡಬ್ಬಿ. ಬಣ್ಣಕ್ಕೆ ಡಬ್ಬಿ ಒಂದು ಕೈ ಮೇಲು, ಬೀಜವೂ ಹೆಚ್ಚು. ಯಾವುದಾದರೂ ನಡೆದೀತು, ಹೊಸ ಕಾಯಿ ಆಗಿರಬೇಕು. ಬೆಳಕು ಬೀಳುವ ಗಾಜಿನ ಭರಣಿಯಲ್ಲಿ ವರ್ಷಗಟ್ಟಲೆ ಕೂತ ಕಾಯಿಯೂ ಪುಡಿಯೂ ಮಾಸಿರುತ್ತವೆ.

ತೊಟ್ಟು ಮುರಿದು, ಬೀಜ ಕೊಡವಿ, ಬಿಸಿನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬೀಜ ಉಳಿದರೆ ಮಸಾಲೆಗೆ ಹಳದಿ ಛಾಯೆ ಬರುತ್ತದೆ. ಕಾಯಿ ಮೆತ್ತಗಾದ ಮೇಲೆ ಒಂದಿಂಚು ಶುಂಠಿ, 8 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಒಂದು ಚಮಚ ಉಪ್ಪು, ಎರಡು ಚಮಚ ಎಣ್ಣೆ ಸೇರಿಸಿ ನುಣ್ಣಗೆ ರುಬ್ಬಿ. ಈ ಪತ್ರದಲ್ಲಿ ಚಮಚ ಎಂದರೆ 5 ಮಿ.ಲೀ. ಹಿಡಿಯುವ ಟೀ ಚಮಚ. ಎಣ್ಣೆಯೇ ಇಲ್ಲಿನ ಗುಟ್ಟು. ಮೆಣಸಿನಕಾಯಿಯ ಕೆಂಪು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಬರೀ ನೀರು ಹಾಕಿ ರುಬ್ಬಿದರೆ ಬಣ್ಣ ಸಿಪ್ಪೆಯಲ್ಲೇ ಉಳಿಯುತ್ತದೆ. ಎಣ್ಣೆ ಬಿದ್ದು ಎರಡು ಸುತ್ತು ತಿರುಗುವಷ್ಟರಲ್ಲಿ ಮಿಕ್ಸಿ ಜಾರಿನ ಗೋಡೆಗೆ ಕುಂಕುಮ ಬಳಿದಂತೆ ಹತ್ತಿಕೊಳ್ಳುತ್ತದೆ. ನೆನೆಸಿದ ನೀರು ಮೂರು ಚಮಚ ಮೀರದಿರಲಿ. ಚಟ್ನಿಯಂತೆ ಹರಿಯುವ ಮಸಾಲೆ ಮಾಂಸಕ್ಕೆ ಅಂಟದೆ ಕಾವಲಿಯಲ್ಲಿ ಉಳಿದು ಸೀಯುತ್ತದೆ. ಬೆರಳಲ್ಲಿ ಉಜ್ಜಿದಾಗ ತರಿ ಸಿಕ್ಕರೆ ಇನ್ನೊಮ್ಮೆ ರುಬ್ಬಿ, ಮೊದಲು ಕಪ್ಪಾಗುವುದೇ ಆ ತರಿ. ಖಾರ ಸಾಲದು ಎನ್ನುವವರು ಅರ್ಧ ಚಮಚ ಗುಂಟೂರು ಪುಡಿ ಬೆರೆಸಿಕೊಳ್ಳಲಿ.

ಬೀಟ್‌ರೂಟ್ ರಸದ ಸಲಹೆಯೂ ಆಗಾಗ ಕಾಣುತ್ತದೆ. ಹಸಿಯಾಗಿದ್ದಾಗ ನೋಡಲು ಚೆಂದ, ಅಷ್ಟೆ. ಆ ಬಣ್ಣ ಬಿಸಿ ತಡೆಯದು, ಕಾವಲಿಗೆ ಬಿದ್ದ ಮೇಲೆ ಕಂದೇ. ಅರಿಸಿನವೂ ಕಾಲು ಚಮಚ ದಾಟಬಾರದು, ದಾಟಿದರೆ ಕೆಂಪು ಹೋಗಿ ಕಿತ್ತಳೆಯಾಗುತ್ತದೆ.

ಕೋಳಿ ಅಂಗಡಿಯಲ್ಲಿ ‘ಕಬಾಬ್ ಪೀಸ್’ ಎಂದರೆ ಮೂಳೆಸಹಿತ ಸಣ್ಣ ತುಂಡು ಕೊಡುತ್ತಾರೆ. ಚರ್ಮ ಬೇಡ ಎನ್ನಿ. ಮೂಳೆ ಬೇಡದವರು ತೊಡೆಯ ಮಾಂಸ ಕೇಳಿ. ಎದೆಯ ಭಾಗದಲ್ಲಿ ಕೊಬ್ಬು ಕಡಿಮೆ, ಎರಡು ನಿಮಿಷ ಹೆಚ್ಚು ಬೆಂದರೂ ನಾರಾಗುತ್ತದೆ. ತೊಳೆದ ತುಂಡುಗಳನ್ನು ತೂತಿನ ಪಾತ್ರೆಯಲ್ಲಿ ಕಾಲು ಗಂಟೆ ಬಸಿಯಲು ಬಿಟ್ಟು, ಆಮೇಲೆ ಬಟ್ಟೆಯಿಂದ ಒತ್ತಿ ಒರೆಸಿ. ಮನೆಯ ಕಬಾಬ್ ಹೆಚ್ಚಾಗಿ ಕೆಡುವುದು ಇಲ್ಲೇ. ಒಳಗುಳಿದ ನೀರು ಕಾವಲಿಯಲ್ಲಿ ಆವಿಯಾಗುತ್ತದೆ, ಮಸಾಲೆ ಕಳಚುತ್ತದೆ, ಕಬಾಬ್ ಹೋಗಿ ಪಲ್ಯವಾಗುತ್ತದೆ.

ರುಬ್ಬಿದ ಮಸಾಲೆ, ಅರಿಸಿನ, ಅರ್ಧ ಚಮಚ ಗರಂ ಮಸಾಲೆ, ಎರಡು ಚಮಚ ನಿಂಬೆರಸ ಹಚ್ಚಿ ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ರಾತ್ರಿಯಿಡೀ ಇಡಬೇಕೆಂದರೆ ನಿಂಬೆರಸವನ್ನು ಬೆಳಿಗ್ಗೆಗೆ ಬಿಡಿ, ಹುಳಿಯಲ್ಲಿ ಬಹಳ ಹೊತ್ತು ಕೂತ ಮಾಂಸದ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಮೊಸರು ಹಾಕುವವರು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದನ್ನು ಮೂರು ಚಮಚ ಹಾಕಿ ನಿಂಬೆರಸ ಬಿಟ್ಟುಬಿಡಿ. ಹಿಟ್ಟು ಬೆರೆಸುವುದು ಬೇಯಿಸುವುದಕ್ಕೆ ಐದು ನಿಮಿಷ ಮುಂಚೆ: ಒಂದು ಮೊಟ್ಟೆಯ ಬಿಳಿ, ನಾಲ್ಕು ಚಮಚ ಅಕ್ಕಿ ಹಿಟ್ಟು, ನಾಲ್ಕು ಚಮಚ ಕಾರ್ನ್‌ಫ್ಲೋರ್. ಮೊದಲೇ ಬೆರೆಸಿಟ್ಟರೆ ಹಿಟ್ಟು ಮಾಂಸದ ನೀರನ್ನು ಎಳೆದುಕೊಂಡು ಅಂಟಂಟಾಗುತ್ತದೆ. ಮೈದಾ ಹಾಕಿದ ಕಬಾಬ್ ಎಣ್ಣೆ ಹೆಚ್ಚು ಕುಡಿಯುತ್ತದೆ, ಆರಿದೊಡನೆ ಮೆತ್ತಗಾಗುತ್ತದೆ.

ಇನ್ನು ಬೇಯಿಸುವುದು. ಕಬ್ಬಿಣದ ಕಾವಲಿಗೆ ಆರು ಚಮಚ ಎಣ್ಣೆ ಸಾಕು. ಉರಿ ಮಧ್ಯಮದಲ್ಲಿರಲಿ. ಮೆಣಸಿನಕಾಯಿ, ಬೆಳ್ಳುಳ್ಳಿ ಎರಡರಲ್ಲೂ ಸಿಹಿಯ ಅಂಶ ಇರುವುದರಿಂದ ಜೋರು ಉರಿಯಲ್ಲಿ ಒಳಗೆ ಬೇಯುವ ಮೊದಲೇ ಹೊರಗೆ ಕರಕಲಾಗುತ್ತದೆ. ಬಣ್ಣ ಹಾಕದ ಕಬಾಬ್ ಕಂದಾಗಲು ಇದು ಇನ್ನೊಂದು ಕಾರಣ. ತುಂಡುಗಳು ಒಂದಕ್ಕೊಂದು ತಾಗದಂತೆ ಜೋಡಿಸಿ ಐದು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದು, ತಿರುವಿ, ಮತ್ತೆ ಎಂಟು–ಒಂಬತ್ತು ನಿಮಿಷ ತೆರೆದೇ ಬೇಯಿಸಿ. ಕೊನೆಯವರೆಗೂ ಮುಚ್ಚಿದರೆ ಗರಿ ಬರುವುದಿಲ್ಲ. ಮೂಳೆ ಇಲ್ಲದ ತುಂಡಿಗೆ ಒಟ್ಟು ಒಂಬತ್ತು ನಿಮಿಷ ಸಾಕಾಗುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಏರ್ ಫ್ರೈಯರ್ ಇದ್ದವರು 180 ಡಿಗ್ರಿಯಲ್ಲಿ 14 ನಿಮಿಷ ಇಟ್ಟು, ನಡುವೆ ಒಮ್ಮೆ ತಿರುವಿ, ಕೊನೆಗೆ 200 ಡಿಗ್ರಿಯಲ್ಲಿ ಎರಡು ನಿಮಿಷ ಕೊಡಿ. ಇದರಲ್ಲಿ ಎಲ್ಲರೂ ದೂರುವ ದೋಷ ಬಿಳಿ ಮಚ್ಚೆ. ಎಣ್ಣೆ ತಾಗದ ಒಣ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಹಿಟ್ಟು ಪೂರ್ತಿ ಒದ್ದೆಯಾಗುವಂತೆ ಕಲಸಿ, ಬುಟ್ಟಿಗೆ ಇಡುವ ಮೊದಲು ಎರಡು ಚಮಚ ಎಣ್ಣೆಯನ್ನು ತುಂಡುಗಳಿಗೆ ಸವರಿದರೆ ಮಚ್ಚೆ ಬಾರದು. ಅಂಗಡಿಯ ಗರಿಗರಿ ಇದರಲ್ಲಿ ಪೂರ್ತಿ ಬರುತ್ತದೆ ಎಂದರೆ ಸುಳ್ಳು ಹೇಳಿದಂತೆ. ಕರಿದದ್ದು ಕರಿದದ್ದೇ. ಕರಿಯಲೇಬೇಕು ಎನ್ನುವವರು ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಕಾಯಿಸಿ ನಾಲ್ಕೈದು ತುಂಡಿನಂತೆ ಬಿಡಲಿ, ಆ ಎಣ್ಣೆಯನ್ನು ಮತ್ತೆ ಕರಿಯಲು ಬಳಸದಿರಲಿ. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು 25 ಶೇಕಡ ದಾಟಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಪಾರ್ಸಲ್ ಕಬಾಬ್‌ನ ವಿಷಯದಲ್ಲಿ ಬಣ್ಣದಷ್ಟೇ ಚಿಂತಿಸಬೇಕಾದದ್ದು ಈ ಎಣ್ಣೆಯ ಬಗ್ಗೆ, ಅದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಬಾಬ್ ತೆಗೆದ ಬಿಸಿ ಕಾವಲಿಗೇ ಒಂದು ಹಿಡಿ ಕರಿಬೇವು, ಸೀಳಿದ ನಾಲ್ಕು ಹಸಿಮೆಣಸಿನಕಾಯಿ ಬಿಟ್ಟು ಮೇಲೆ ಉದುರಿಸಿದರೆ ಗಾಡಿಯ ಕಬಾಬ್‌ನ ಘಮವೇ ಬರುತ್ತದೆ.

‘ಡಬ್ಬದ ಮೇಲೆ ಅನುಮತಿ ಇರುವ ಬಣ್ಣ ಎಂದೇ ಬರೆದಿದೆಯಲ್ಲ’ ಎಂದು ಕೇಳುವವರಿದ್ದಾರೆ. ಆ ಅನುಮತಿ ಸಿಹಿತಿಂಡಿಯಂಥ ಕೆಲವು ಪದಾರ್ಥಗಳಿಗೆ, ಅದೂ ಕೆಜಿಗೆ 100 ಮಿಲಿಗ್ರಾಂ ಮಿತಿಯಲ್ಲಿ. ಆ ಲೆಕ್ಕ ಹಿಡಿದರೂ ಅರ್ಧ ಕೆಜಿಗೆ 50 ಮಿಲಿಗ್ರಾಂ ಆಯಿತು. ಮನೆಯ ತಕ್ಕಡಿಯ ಮುಳ್ಳು ಅಷ್ಟಕ್ಕೆ ಅಲುಗುವುದೂ ಇಲ್ಲ, ಇನ್ನು ಚಿಟಿಕೆಯ ಅಳತೆ ಯಾರ ಬೆರಳಿನದು?

ಮನೆಯಲ್ಲಿರುವ ಖಾರದ ಪುಡಿಯನ್ನೂ ಒಮ್ಮೆ ನೋಡಿಬಿಡಿ. ಲೋಟದ ನೀರಿನ ಮೇಲೆ ಉದುರಿಸಿದಾಗ ಬಣ್ಣ ಗೆರೆಗೆರೆಯಾಗಿ ಕೂಡಲೇ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದೆ ಎಂದರ್ಥ. ಸಿದ್ಧ ಕಬಾಬ್ ಪುಡಿಯ ಪೊಟ್ಟಣ ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಐಎನ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. ಐಎನ್‌ಎಸ್ 102 ಎಂದರೆ ಟಾರ್ಟ್ರಜಿನ್, 110 ಸನ್‌ಸೆಟ್ ಯೆಲ್ಲೊ, 122 ಕಾರ್ಮೊಸಿನ್, 124 ಪೊನ್ಸೊ 4ಆರ್, ನಾಲ್ಕೂ ಕೃತಕ ಬಣ್ಣಗಳೇ. 160ಸಿ ಎಂದಿದ್ದರೆ ಅದು ಮೆಣಸಿನಕಾಯಿಯದೇ ಸತ್ವ, ಹೆದರಬೇಕಿಲ್ಲ. ಪೊಟ್ಟಣದ ಪುಡಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಮತ್ತೆ ಹಾಕುವ ಮುನ್ನ ನಾಲಿಗೆಗೆ ಹಚ್ಚಿ ನೋಡಿ. ಅಡುಗೆ ಪುರವಣಿಯ ಮೂಲೆಯಲ್ಲಿ ಈ ಐದು ಅಂಕಿಗಳನ್ನು ಚೌಕಟ್ಟು ಹಾಕಿ ಒಮ್ಮೆ ಅಚ್ಚು ಮಾಡಿ. ದಿನಸಿಗೆ ಹೊರಡುವವರು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ.

– ಒಬ್ಬ ಓದುಗ, ಹಾವೇರಿ