ಮಗಳಿಗೊಂದು ಪತ್ರ: ಅರ್ಜಿಯಲ್ಲಿನ ಒಂದು ‘ಇಲ್ಲ’

ಸಾಗರ
16 ನವೆಂಬರ್ 2025

ಪ್ರೀತಿಯ ಮಗಳೇ,

ಆಶೀರ್ವಾದಗಳು. ಶುಕ್ರವಾರ ರಾತ್ರಿ ಫೋನಿನಲ್ಲಿ ನಾನು ದನಿ ಏರಿಸಬಾರದಿತ್ತು. ಕೆಲಸ ಬಿಟ್ಟು ಸ್ವಂತ ಕಚೇರಿ ತೆರೆಯುವುದಕ್ಕೆ ಅಪ್ಪ ಅಡ್ಡ ಬರುತ್ತಿದ್ದಾರೆ ಎಂದು ನೀನು ತಿಳಿದು ಫೋನ್ ಇಟ್ಟೆ. ಹಾಗಲ್ಲ. ಮೂವತ್ಮೂರನೆಯ ವಯಸ್ಸಿಗೆ ಬೆಂಗಳೂರಿನ ಹೊರಮಾವಿನಲ್ಲಿ ಮನೆ ಕೊಂಡವಳು ನೀನು; ಗೃಹಪ್ರವೇಶದ ದಿನವನ್ನು ಪೇಟೆಯಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ನಾನು ಕೂಗಾಡಿದ್ದು ನೀನು ಮಾತಿನ ನಡುವೆ ಹೇಳಿದ ಇನ್ನೊಂದು ಸಂಗತಿಗೆ. ಹೊಸ ಆರೋಗ್ಯ ವಿಮೆಯ ಅರ್ಜಿಯಲ್ಲಿ ‘ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದೆ, ಥೈರಾಯ್ಡಿಗೆ ದಿನಕ್ಕೊಂದು ಮಾತ್ರೆ ನುಂಗುವುದನ್ನು ಯಾರು ಕಾಯಿಲೆ ಎನ್ನುತ್ತಾರೆ, ಫೋನ್ ಮಾಡಿದ ಏಜೆಂಟ್ ಹುಡುಗನೂ ಬರೆಯುವುದು ಬೇಡವೆಂದ ಎಂದೆಯಲ್ಲ, ಅದಕ್ಕೆ.

ಅಂಥದೇ ಒಂದು ಅರ್ಜಿಗೆ ನಾನು 2011ರ ಜೂನ್‌ನಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಸಹಿ ಹಾಕಿದ್ದೆ. ಹೊರಗೆ ಮಳೆ ಹಿಡಿದಿತ್ತು. ಏಜೆಂಟ್ ಫಾರ್ಮನ್ನು ಮಣೆಯ ಮೇಲಿಟ್ಟುಕೊಂಡು ನೀಲಿ ಪೆನ್ನಿನಲ್ಲಿ ಸರಸರನೆ ಗುರುತು ಹಾಕುತ್ತಿದ್ದ. ಅಮ್ಮ ಕಾಫಿ ತಂದವಳು ಲೋಟ ಹಿಡಿದೇ ನಿಂತು, “ನನ್ನ ಸಕ್ಕರೆ ಕಾಯಿಲೆಯ ವಿಷಯ ಬರೆಯಬೇಡವೇ?” ಎಂದು ಕೇಳಿದಳು. “ಅದನ್ನೆಲ್ಲ ಬರೆದರೆ ಪ್ರೀಮಿಯಂ ಏರುತ್ತದೆ ಅಕ್ಕಾ, ಮಾತ್ರೆಯಲ್ಲೇ ಹತೋಟಿಯಲ್ಲಿದೆಯಲ್ಲ” ಎಂದ ಅವನು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅರ್ಜಿದಾರನ ಸಹಿ ಎಂದಿದ್ದ ಕಡೆ ಸಹಿ ಹಾಕಿದೆ.

2016ರ ಜನವರಿಯಲ್ಲಿ ಅಮ್ಮನನ್ನು ಮಂಗಳೂರಿಗೆ ಕರೆದೊಯ್ದಾಗ, ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಎಂಟು ವರ್ಷ ಎಂದೆ. ಚಿಕಿತ್ಸೆಯ ಹೊತ್ತಿನಲ್ಲಿ ಯಾರು ಸುಳ್ಳು ಹೇಳುತ್ತಾರೆ? ಅವರು ಅದನ್ನು ಕೇಸ್ ಶೀಟಿನ ಮೊದಲ ಸಾಲಿನಲ್ಲೇ ಬರೆದುಕೊಂಡರು. ವಿಮೆಯವರು ಆ ಹಾಳೆಯನ್ನೂ ನನ್ನ ಸಹಿಯಿದ್ದ ಹಾಳೆಯನ್ನೂ ಜೊತೆಗಿಟ್ಟು ನೋಡಿದರು, ಹಣ ಕೊಡುವುದಿಲ್ಲ ಎಂದರು, ಅಷ್ಟೇ. ಆ ನಂತರದ ಹನ್ನೊಂದು ದಿನಗಳು ನಿನಗೂ ಗೊತ್ತು, ನನಗೂ ಗೊತ್ತು. ಅವನ್ನು ಇಲ್ಲಿ ಬರೆಯುವುದಿಲ್ಲ.

ಆದರೆ ನಿನಗೆ ಗೊತ್ತಿಲ್ಲದ್ದನ್ನು ಬರೆಯಲೇಬೇಕು. ಕಂಪನಿಯವರು ಮೋಸ ಮಾಡಿದರು ಎಂದು ನಾನು ನಿನಗೆ ಹೇಳಿದೆ, ಈ ಒಂಬತ್ತು ವರ್ಷವೂ ಅದನ್ನೇ ಹೇಳುತ್ತ ಬಂದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್ ಕಚೇರಿ ಇದೆ, ದೂರು ಕೊಡಲು ಶುಲ್ಕವಿಲ್ಲ, ಹೋಗೋಣ ಎಂದು ಆಗ ನೀನೇ ಹಟ ಹಿಡಿದಿದ್ದೆ. ಪ್ರಯೋಜನವಿಲ್ಲವೆಂದು ನಾನು ತಪ್ಪಿಸಿದೆ. ಹೋಗಿದ್ದರೆ ಆ ಅರ್ಜಿ ನಿನ್ನ ಕಣ್ಣಿಗೆ ಬೀಳುತ್ತಿತ್ತು. ಆಗಿನ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಯ ಖರ್ಚು ಸಿಗಲು ನಾಲ್ಕು ವರ್ಷ ಕಾಯಬೇಕಿತ್ತು. ಅಮ್ಮ ಆಸ್ಪತ್ರೆ ಸೇರಿದ್ದು ಐದನೆಯ ವರ್ಷದಲ್ಲಿ. ನಿಜ ಬರೆದು ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದ್ದರೆ ಆ ಹಣ ನಮಗೆ ಸಿಗುತ್ತಿತ್ತು, ಅಹಮದಾಬಾದಿನಲ್ಲಿ ಓದಲು ಸಿಕ್ಕಿದ್ದ ಸೀಟನ್ನು ನೀನು ಬಿಡಬೇಕಾಗುತ್ತಿರಲಿಲ್ಲ. ಈ ಲೆಕ್ಕವನ್ನು ಎಷ್ಟು ರಾತ್ರಿ ಮಾಡಿದ್ದೇನೋ, ಪ್ರತಿಸಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ನನ್ನನ್ನು ಕ್ಷಮಿಸು.

ಐದು ವರ್ಷ ಸತತವಾಗಿ ಕಂತು ಕಟ್ಟಿದರೆ ಆಮೇಲೆ ಅವರು ಹಳೆಯದನ್ನು ಕೆದಕುವಂತಿಲ್ಲ ಎಂದು ನೀನು ವಾದಿಸಿದೆ. 2024ರಲ್ಲಿ ಆ ಅವಧಿಯನ್ನು ಎಂಟರಿಂದ ಐದು ವರ್ಷಕ್ಕೆ ಇಳಿಸಿದ್ದು ನಿಜ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇರುವುದಿಲ್ಲ. ಮೇಲಾಗಿ, ಕಾಯಿಲೆ ಐದು ವರ್ಷ ಕಾದು ಬರುವುದಿಲ್ಲ. ಅದೇ ವರ್ಷ, ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನೂ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದ್ದಾರೆ. ನಿಜ ಬರೆದವರಿಗೆ ಈಗ ನಷ್ಟ ಕಡಿಮೆ. ಪಾಲಿಸಿ ಕೈಗೆ ಬಂದ ಮೂವತ್ತು ದಿನಗಳೊಳಗೆ ಅದು ಬೇಡವೆಂದು ಹಿಂತಿರುಗಿಸುವ ಹಕ್ಕೂ ನಿನಗಿದೆ. ಆದ್ದರಿಂದ ನಾಳೆಯೇ ಆ ಕಂಪನಿಗೆ ಇಮೇಲ್ ಬರೆದು ಥೈರಾಯ್ಡಿನ ವಿಷಯ ತಿಳಿಸು, ಮಾತ್ರೆಯ ಹೆಸರು, ಎಂದಿನಿಂದ ತೆಗೆದುಕೊಳ್ಳುತ್ತಿದ್ದೀಯ ಎಂಬುದನ್ನೂ ಸೇರಿಸು. ಪ್ರೀಮಿಯಂ ಏರಿದರೆ ಏರಲಿ. ಈ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನೂ ತೆಗೆದಿದ್ದಾರೆ.

ಅದಕ್ಕೂ ಮೊದಲು ಇನ್ನೊಂದನ್ನು ವಿಚಾರಿಸು. ಕಚೇರಿಯ ಗುಂಪು ವಿಮೆ ಕೆಲಸ ಬಿಟ್ಟೊಡನೆ ನಿಲ್ಲುತ್ತದೆ, ಆದರೆ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಹಾಗೆ ಮಾಡಿದರೆ ಅಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಎಣಿಕೆಯಾಗುತ್ತವೆ. ತಿಂಗಳ ಕೊನೆಗೆ ಹೊರಬಿದ್ದ ಮೇಲೆ ಕೇಳುವುದಲ್ಲ, ಈಗಲೇ ಎಚ್‌ಆರ್‌ನವರನ್ನು ಕೇಳಬೇಕು. ಕೊಠಡಿ ಬಾಡಿಗೆಗೆ ಮಿತಿಯಿರುವ ಪಾಲಿಸಿ ಬೇಡ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು 8,000ದ ಕೊಠಡಿಯಲ್ಲಿ ಮಲಗಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳಲ್ಲೂ ಎಂಟರಲ್ಲಿ ಐದು ಪಾಲನ್ನು ಮಾತ್ರ ಕೊಡುತ್ತಾರೆ. ಮನೆಯವರೆಲ್ಲರಿಗೂ ಸೇರಿ ಒಂದೇ ಪಾಲಿಸಿಯಾದ ಫ್ಯಾಮಿಲಿ ಫ್ಲೋಟರಿಗೆ ನನ್ನನ್ನು ಸೇರಿಸಲೇಬೇಡ. ಅದರಲ್ಲಿ ಮನೆಯ ಹಿರಿಯರ ವಯಸ್ಸು ನೋಡಿ ಕಂತು ಕಟ್ಟಿಸುತ್ತಾರೆ, ನನಗೆ ಅರವತ್ತೇಳು. ನನ್ನದು ಬೇರೆಯೇ ಇದೆ, ಎಪ್ಪತ್ತು ತುಂಬಿದ ಮೇಲೆ ಆಯುಷ್ಮಾನ್ ಕಾರ್ಡ್ ಕೂಡ ಸಿಗುತ್ತದೆ.

ಉಪದೇಶ ಉದ್ದವಾಯಿತು ಎಂದು ಗೊತ್ತು, ಆದರೂ ಮನೆಯ ಮಾತು ಉಳಿದಿದೆ. ಬ್ಯಾಂಕಿನವರೇ ಮನೆಗೆ ವಿಮೆ ಮಾಡಿಸಿದ್ದಾರೆ ಎಂದೆ. ನೀನು ಕಳುಹಿಸಿದ ಕಾಗದವನ್ನು ಎರಡು ಸಲ ಓದಿದೆ. ಅದು ಸಾಲದ ವಿಮೆ. ನಿನ್ನ ಜೀವಕ್ಕೆ ಏನಾದರೂ ಆದರೆ ಬ್ಯಾಂಕಿನ ಬಾಕಿ ತೀರುತ್ತದೆ, ಗೋಡೆ ಬಿದ್ದರೆ ಒಂದು ಇಟ್ಟಿಗೆಯೂ ಬರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರಿನ ಮನೆಗಳಿಗೆ ನೀರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದವನಿಗೆ, ನೆಲಮಟ್ಟದಲ್ಲಿರುವ ನಿನ್ನ ಮನೆಯ ಚಿಂತೆ ಬರದೇ ಇರುತ್ತದೆಯೇ? ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ. ಬೆಂಕಿ, ಪ್ರವಾಹ, ಬಿರುಗಾಳಿ, ಭೂಕಂಪ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಕೊಂಡ ಬೆಲೆಗೆ ವಿಮೆ ಮಾಡಿಸಬೇಡ, ನೆಲವನ್ನು ನೀರು ಕೊಂಡೊಯ್ಯುವುದಿಲ್ಲ. ಮತ್ತೆ ಕಟ್ಟಲು ಎಷ್ಟಾಗುತ್ತದೋ ಅಷ್ಟಕ್ಕೆ ಸಾಕು. ಚದರ ಅಡಿಗೆ 2,200ರಂತೆ 1,200 ಚದರ ಅಡಿಗೆ 26 ಲಕ್ಷ 40 ಸಾವಿರವಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ, ಆದರೆ ಮನೆ ಕಟ್ಟಿಸುವುದೇ ನಿನ್ನ ಕೆಲಸ, ಆ ದರವನ್ನು ನೀನೇ ತಿದ್ದು. ಅದರ ಶೇಕಡಾ 20ರಷ್ಟು, ಹತ್ತು ಲಕ್ಷದ ಮಿತಿಯೊಳಗೆ, ಮನೆಯ ಸಾಮಾನಿಗೂ ತಾನಾಗಿ ಸೇರುತ್ತದೆ. ಅಮ್ಮನ ಬಳೆಗಳು ನಿನ್ನ ಬೀರುವಿನಲ್ಲಿವೆ. ಒಡವೆಗೂ, ಸಾಮಾನ್ಯ ದಿನಗಳ ಕಳ್ಳತನಕ್ಕೂ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಅಮ್ಮನ ಅರ್ಜಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಎರಡನೆಯ ಪುಟದ ಏಳನೆಯ ಪ್ರಶ್ನೆ ನೋಡು. ಗುರುತು ಅವನದು, ಸಹಿ ನನ್ನದು.

ನಿನ್ನ
ಅಪ್ಪ