ಶನಿವಾರ ಲ್ಯಾವೆಂಡರ್ ಇರುತ್ತೆ, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ 🙏 ಶನಿವಾರ ಸಂಜೆ 7ಕ್ಕೆ ನಮ್ಮ ರಿಲ್ಯಾಕ್ಸೇಶನ್ ಸೆಷನ್‌ನಲ್ಲಿ ಡಿಫ್ಯೂಸರ್‌ಗೆ (ಕೋಣೆ ತುಂಬಾ ಪರಿಮಳ ಹರಡೋ ಮಷೀನ್) ಲ್ಯಾವೆಂಡರ್ ಹೂವಿನ ಎಣ್ಣೆ ಹಾಕ್ತೀವಿ, ಆಸ್ತಮಾ ಇರೋರು, ಘಾಟು ವಾಸನೆಗೆ ತಲೆನೋವು ಬರೋರು ಮೊದ್ಲೇ ಹೇಳಿಬಿಡಿ, ಆಗ ಹಾಕೋದೇ ಬೇಡ.

ಮನೇಲಿ ಟ್ರೈ ಮಾಡೋರು ಬಾಟಲಿ ಮೇಲೆ ಲ್ಯಾವೆಂಡುಲಾ ಅಂಗಸ್ಟಿಫೋಲಿಯಾ (ಲ್ಯಾವೆಂಡರ್ ಗಿಡದ ವೈಜ್ಞಾನಿಕ ಹೆಸರು) ಅಂತ ಇದೆಯಾ ನೋಡಿ, ಬರೀ ಫ್ರೇಗ್ರೆನ್ಸ್ ಆಯಿಲ್ ಅಂತಿದ್ರೆ ಅದು ಸೆಂಟು ಅಷ್ಟೇ. ಮಲಗೋಕೆ ಅರ್ಧ ಗಂಟೆ ಮುಂಚೆ ಟಿಶ್ಯೂ ಮೇಲೆ ಎರಡು ಹನಿ ಹಾಕಿ ದಿಂಬಿನ ಪಕ್ಕ ಇಟ್ರೆ ಸಾಕು, ಜಾಸ್ತಿ ಹಾಕಿದ್ರೆ ಜಾಸ್ತಿ ನಿದ್ದೆ ಏನೂ ಬರಲ್ಲ 😄 ಮೈಗೆ ಹಚ್ಚೋದಾದ್ರೆ 30 ಎಂಎಲ್ ಕೊಬ್ಬರಿ ಎಣ್ಣೆಗೆ 10-12 ಹನಿ ಬೆರೆಸಿ, ಮೊದ್ಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಉರಿ-ತುರಿಕೆ ಬರುತ್ತಾ ಅಂತ ಒಂದಿನ ನೋಡಿ. ಕುಡಿಯೋದಂತೂ ಬೇಡ್ವೇ ಬೇಡ. ಬೆಕ್ಕು ಸಾಕಿರೋರು ಹುಷಾರು, ಅವಕ್ಕೆ ಈ ಎಣ್ಣೆ ವಿಷ.

ಬರೋರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.