ಆ ಖಾಲಿ ಜಾಗದಲ್ಲಿ ಏನಿದೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಾವಿಬ್ಬರೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ದಿನಗಳು ನೆನಪಿವೆಯಾ? ಕುಶಿಂಗ್ ಪಾರ್ಕ್‌ವೇ ಮೇಲೆ ಹೋಗುವಾಗ ಪಕ್ಕದಲ್ಲಿ ತಂತಿ ಬೇಲಿ, ಬೇಲಿಯ ಆಚೆ ಕಣ್ಣು ಹೋದಷ್ಟು ದೂರ ಬರೀ ಹುಲ್ಲು. ಒಂದು ದಿನ ನೀನು ಕೇಳಿದೆ: "ಈ ಊರಲ್ಲಿ ಸಣ್ಣ ಮನೆ ಕೊಂಡರೂ ಮೂವತ್ತು ವರ್ಷ ಸಾಲ ತೀರಿಸಬೇಕು. ಇಷ್ಟು ದೊಡ್ಡ ಜಾಗ ಸುಮ್ನೆ ಯಾಕೆ ಖಾಲಿ ಬಿಟ್ಟಿದ್ದಾರೆ?" ನನಗೂ ಗೊತ್ತಿರಲಿಲ್ಲ. ಆಮೇಲೆ ನೀನು ಊರು ಬಿಟ್ಟು ಹೋದೆ. ನಾನು ಅದೇ ರಸ್ತೆಯಲ್ಲಿ ಒಬ್ಬನೇ ಓಡಾಡಿಕೊಂಡಿದ್ದೆ.

ಈ ಏಪ್ರಿಲ್‌ನಲ್ಲಿ ಆ ಬೇಲಿಯ ಒಳಗೆ ಹೋಗಿ ಬಂದೆ. ಬಂದ ದಿನದಿಂದ ನಿನಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ.

ಅದು ಖಾಲಿ ಜಾಗ ಅಲ್ಲ ಕಣೋ. ಡಾನ್ ಎಡ್ವರ್ಡ್ಸ್ ವನ್ಯಜೀವಿ ಧಾಮದ ಒಂದು ತುಂಡು, ವಾರ್ಮ್ ಸ್ಪ್ರಿಂಗ್ಸ್ ಘಟಕ ಅಂತ ಹೆಸರು. ಸುಮಾರು 700 ಎಕರೆ. ವರ್ಷದಲ್ಲಿ ಹೆಚ್ಚಿನ ದಿನ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ವಸಂತದಲ್ಲಿ ಕೆಲವು ದಿನ ಮಾತ್ರ, ಮೊದಲೇ ಹೆಸರು ಬರೆಸಿದವರನ್ನು ಸಿಬ್ಬಂದಿಯೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಾವು ಹದಿನೈದು ಇಪ್ಪತ್ತು ಜನ ಇದ್ದೆವು. ಕರೆದೊಯ್ದವರು ಮೊದಲು ಹೇಳಿದ ಮಾತು, "ನಾನು ಕಾಲಿಟ್ಟ ಜಾಗದಲ್ಲೇ ಕಾಲಿಡಿ."

ಹತ್ತು ನಿಮಿಷ ನಡೆದಿರಬಹುದು. ಹುಲ್ಲಿನ ನಡುವೆ ಒಂದು ತಗ್ಗು ಬಂತು. ತಗ್ಗಿನ ನಡುವೆ ಇನ್ನೂ ಸ್ವಲ್ಪ ಕೆಸರು ನೀರು. ಅದರ ಸುತ್ತ ಒಂದು ಹಳದಿ ಉಂಗುರ. ಆರತಿ ತಟ್ಟೆಯ ಓಕುಳಿ ಒಣಗಿದ ಮೇಲೆ ಅಂಚಿನಲ್ಲಿ ಬಣ್ಣದ ಗೆರೆ ಉಳಿಯುತ್ತದಲ್ಲ, ಥೇಟ್ ಹಾಗೆ. ನೀರು ಎಲ್ಲಿಯವರೆಗೆ ನಿಂತಿತ್ತು, ಎಲ್ಲಿಂದ ಹಿಂದೆ ಸರಿಯಿತು ಅನ್ನುವುದನ್ನು ಹೂವೇ ಗೆರೆ ಎಳೆದು ತೋರಿಸುತ್ತಿತ್ತು. ಅದೇ ಕಾಂಟ್ರಾ ಕೋಸ್ಟಾ ಗೋಲ್ಡ್‌ಫೀಲ್ಡ್ಸ್. ಅಳಿವಿನ ಅಂಚಿನಲ್ಲಿರುವ ಹೂವು.

ಕೂತು ಹತ್ತಿರದಿಂದ ನೋಡಿದೆ. ಗಿಡ ಗೇಣುದ್ದ, ಕೆಲವು ಅದಕ್ಕಿಂತ ಸ್ವಲ್ಪ ಎತ್ತರ. ಸೂರ್ಯಕಾಂತಿ, ಸೇವಂತಿಗಳ ಕುಟುಂಬದ್ದೇ, ಆದರೆ ಹೂವು ಉಗುರಿನಷ್ಟು ಚಿಕ್ಕದು. ದೂರದಿಂದ ಅಷ್ಟು ದಟ್ಟವಾಗಿ ಕಾಣುವ ಹಳದಿ, ಹತ್ತಿರ ಹೋದರೆ ಒಂದೊಂದೂ ಬಿಡಿ ಬಿಡಿ, ತೆಳ್ಳನೆಯ ಕಾಂಡದ ಮೇಲೆ ತೂಗುತ್ತಿರುತ್ತದೆ. ಇದೇ ಗುಂಪಿಗೆ ಸೇರಿದ ಬೇರೆ ಗೋಲ್ಡ್‌ಫೀಲ್ಡ್ಸ್ ಹೂಗಳು ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಬೇಕಾದಷ್ಟಿವೆ, ನೀನೂ ನೋಡಿರುತ್ತೀಯ. ಇದನ್ನು ಗುರುತು ಹಿಡಿಯಬೇಕಾದರೆ ಹೂವನ್ನು ಕೆಳಗಿನಿಂದ ನೋಡಬೇಕು. ಹೂವನ್ನು ಹೊತ್ತುಕೊಂಡ ಪುಟ್ಟ ಹಸಿರು ಎಸಳುಗಳು ಬಿಡಿಯಾಗಿರುವುದಿಲ್ಲ, ಬುಡದಲ್ಲಿ ಒಂದಕ್ಕೊಂದು ಬೆಸೆದುಕೊಂಡು ಬಟ್ಟಲಿನ ಹಾಗಿರುತ್ತವೆ. 1888ರಲ್ಲಿ ಎಡ್ವರ್ಡ್ ಲೀ ಗ್ರೀನ್ ಎಂಬ ಸಸ್ಯಶಾಸ್ತ್ರಜ್ಞ ಇದಕ್ಕೆ ಲಾಸ್ಥೇನಿಯಾ ಕಾಂಜುಜೆನ್ಸ್ ಅಂತ ಹೆಸರಿಟ್ಟ. ಕಾಂಜುಜೆನ್ಸ್ ಅಂದರೆ ಕೂಡಿಕೊಂಡದ್ದು. ಲಾಸ್ಥೇನಿಯಾ ಅನ್ನುವುದು ಪ್ಲೇಟೋನ ಹತ್ತಿರ ಪಾಠ ಕಲಿತ ಒಬ್ಬ ಹೆಣ್ಣುಮಗಳ ಹೆಸರು. ಇಷ್ಟು ಪುಟ್ಟ ಹೂವಿಗೆ ಎಷ್ಟು ಒಳ್ಳೆಯ ಹೆಸರು ಅನ್ನಿಸಿತು.

ಇನ್ನು ಆ ತಗ್ಗಿನ ಕಥೆ. ಅದನ್ನು ವರ್ನಲ್ ಪೂಲ್ ಅನ್ನುತ್ತಾರೆ, ವಸಂತದ ಹೊಂಡ ಅನ್ನೋಣ. ಅದಕ್ಕೆ ಹೊಳೆ ಬಂದು ಸೇರುವುದಿಲ್ಲ, ತಳದಲ್ಲಿ ಒರತೆಯೂ ಇಲ್ಲ. ಮೇಲ್ಮಣ್ಣಿನ ಕೆಳಗೆ ಗಟ್ಟಿ ಜೇಡಿಯ ಒಂದು ಪದರ ಇದೆ. ಚಳಿಗಾಲದ ಮಳೆ ಬಿದ್ದಾಗ ನೀರು ಇಂಗಲು ಆಗದೆ ಮೇಲೆಯೇ ನಿಲ್ಲುತ್ತದೆ. ಮಾರ್ಚ್ ಕಳೆದ ಮೇಲೆ ಮಳೆ ನಿಲ್ಲುತ್ತದೆ, ಬಿಸಿಲಿಗೆ ನೀರು ಆರುತ್ತಾ ಬರುತ್ತದೆ. ಜುಲೈ ಹೊತ್ತಿಗೆ ಅಲ್ಲಿ ಬಿರುಕು ಬಿಟ್ಟ ನೆಲ ಬಿಟ್ಟು ಏನೂ ಇರುವುದಿಲ್ಲ. ನೀನೂ ನಾನೂ ನೋಡಿದ ಹುಲ್ಲಿನ ನಡುವೆ ಇದ್ದದ್ದು ಆ ಬಿರುಕು ನೆಲವೇ.

ಈ ಹೂವಿಗೆ ಬೇಕಾದದ್ದು ಈ ಎರಡೂ ಕಷ್ಟಗಳು. ಮೊದಲ ಮಳೆಗೆ ಬೀಜ ಮೊಳೆಯುತ್ತದೆ. ಎಳೆ ಗಿಡ ನೀರಿನಲ್ಲಿ ಮುಳುಗಿಯೂ ಬದುಕುತ್ತದೆ. ನೀರು ಇಳಿದ ಮೇಲೆ ಮಾರ್ಚ್‌ನಿಂದ ಜೂನ್ ಒಳಗೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ವರ್ಷ ಪೂರ್ತಿ ನೀರು ನಿಂತರೆ ಜೊಂಡು ಬಂದು ಜಾಗ ಹಿಡಿಯುತ್ತದೆ. ನೀರೇ ನಿಲ್ಲದಿದ್ದರೆ ಹುಲ್ಲು ಬಂದು ಹಿಡಿಯುತ್ತದೆ. ಇವೆರಡರ ನಡುವೆ ಉಳಿದ ಸಂದಿಯಲ್ಲಿ ಈ ಹೂವಿನ ಸಂಸಾರ.

ನನ್ನ ಮನಸ್ಸಿನಲ್ಲಿ ನಿಂತದ್ದು ಅದರ ಬೀಜ. ಅಜ್ಜನ ಗಡ್ಡ ಅಂತ ನಾವು ಊದಿ ಹಾರಿಸುತ್ತಿದ್ದೆವಲ್ಲ, ಈ ಕುಟುಂಬದ ಎಷ್ಟೋ ಗಿಡಗಳ ಬೀಜಕ್ಕೂ ಅಂಥ ಕೂದಲು ಇರುತ್ತದೆ. ಗಾಳಿಗೆ ಹಾರಿ ಎಲ್ಲೋ ಹೋಗಿ ಹುಟ್ಟುತ್ತವೆ. ಇದಕ್ಕೆ ಆ ಕೂದಲೇ ಇಲ್ಲ. ಬೀಜ ತಾಯಿಗಿಡದ ಬುಡದಲ್ಲೇ ಉದುರಿ ಅದೇ ಹೊಂಡದ ಮಣ್ಣಲ್ಲಿ ಉಳಿಯುತ್ತದೆ. ಯೋಚಿಸಿ ನೋಡು, ಸರಿಯಾಗಿಯೇ ಇದೆ. ಸುತ್ತ ಎಲ್ಲಿ ಹಾರಿ ಹೋದರೂ ಅದಕ್ಕೆ ಬದುಕುವ ಜಾಗ ಇಲ್ಲ, ಅಮ್ಮ ಬದುಕಿದ ಜಾಗವೇ ಗಟ್ಟಿ. ಆದರೆ ಆ ಹೊಂಡವನ್ನು ಮುಚ್ಚಿಬಿಟ್ಟರೆ ಓಡಿಹೋಗಲು ದಾರಿಯೂ ಇಲ್ಲ.

ಮತ್ತೆ, ಹೊಂಡ ಒಂದನ್ನೇ ಉಳಿಸಿದರೆ ಸಾಕಾಗುವುದಿಲ್ಲ. ಈ ಹೂವು ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬೇಕು. ತಂದುಕೊಡುವವರಲ್ಲಿ ಆಂಡ್ರಿನಾ ಎಂಬ ಪುಟ್ಟ ಜೇನುಗಳೂ ಇವೆ. ಇವು ಗೂಡು ಕಟ್ಟಿ ಗುಂಪಾಗಿ ಇರುವ ಜೇನಲ್ಲ. ಒಂದೊಂದು ಹೆಣ್ಣೂ ನೆಲದಲ್ಲಿ ತನ್ನದೇ ಬಿಲ ತೋಡಿಕೊಂಡು ಒಂಟಿಯಾಗಿ ಮರಿ ಸಾಕುತ್ತದೆ. ಡೇವಿಸ್ ವಿಶ್ವವಿದ್ಯಾಲಯದಲ್ಲಿದ್ದ ರಾಬಿನ್ ಥಾರ್ಪ್ ಇವುಗಳನ್ನು ವರ್ಷಗಟ್ಟಲೆ ನೋಡಿದವರು. ಇವುಗಳಲ್ಲಿ ಕೆಲವು ಗೋಲ್ಡ್‌ಫೀಲ್ಡ್ಸ್ ಗುಂಪಿನ ಹೂಗಳ ಪರಾಗ ಬಿಟ್ಟು ಬೇರೇನನ್ನೂ ಮರಿಗೆ ತರುವುದಿಲ್ಲ. ಬಿಲ ಇರುವುದು ಹೊಂಡದಲ್ಲಲ್ಲ, ಸುತ್ತಲಿನ ಎತ್ತರದ ಒಣ ನೆಲದಲ್ಲಿ. ಹೊಂಡ ಬಿಟ್ಟು ಸುತ್ತ ಕಟ್ಟಡ ಎಬ್ಬಿಸಿದರೆ ಜೇನು ಹೋಗುತ್ತದೆ, ಜೇನಿನ ಹಿಂದೆ ಹೂವೂ ಹೋಗುತ್ತದೆ. "ಇಷ್ಟು ದೊಡ್ಡ ಜಾಗ" ಅಂದೆಯಲ್ಲ, ಅಷ್ಟು ದೊಡ್ಡದು ಬೇಕಾಗಿರುವುದು ಇದಕ್ಕೇ.

ಅದೇ ನೀರಿನಲ್ಲಿ ಇನ್ನೊಂದು ಜೀವ ತೋರಿಸಿದರು. ಗೊದಮೊಟ್ಟೆಯ ಹಾಗೆ ಕಾಣುವ, ಬೆನ್ನ ಮೇಲೆ ಚಿಪ್ಪು ಹೊತ್ತ ಪುಟ್ಟ ಸಿಗಡಿ. ಟ್ಯಾಡ್‌ಪೋಲ್ ಶ್ರಿಂಪ್ ಅನ್ನುತ್ತಾರೆ. ಅದೂ 1994ರಿಂದ ಅಳಿವಿನ ಪಟ್ಟಿಯಲ್ಲಿದೆ. ಅದರ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು ನೀರು ಬಂದಾಗ ಒಡೆಯುತ್ತವೆ. ಬೇಸಿಗೆಯಲ್ಲಿ ಸತ್ತಂತೆ ಕಾಣುವ ಆ ನೆಲದ ಒಂದು ಹಿಡಿ ಮಣ್ಣಿನಲ್ಲಿ ಎಷ್ಟು ಜೀವ ಮಲಗಿರುತ್ತದೋ! ಕಾಲಿಟ್ಟ ಜಾಗದಲ್ಲೇ ಕಾಲಿಡಿ ಅಂತ ಅವರು ಯಾಕೆ ಹೇಳಿದರು ಅಂತ ನನಗೆ ಆಗ ಅರ್ಥವಾಯಿತು.

ಹಿಂದೆ ಈ ಹೂವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಹಲವು ಕೌಂಟಿಗಳಲ್ಲಿತ್ತು. ನಾವು ಕೆಲಸ ಮಾಡಿದ ಸಾಂತಾ ಕ್ಲಾರಾ ಕೌಂಟಿಯಲ್ಲೂ ಇತ್ತು. ಉತ್ತರಕ್ಕೆ ಮೆಂಡೊಸಿನೊ, ದಕ್ಷಿಣಕ್ಕೆ ಸಾಂತಾ ಬಾರ್ಬರಾವರೆಗೂ ಇತ್ತು. ಬೇಸಾಯ ಬಂತು, ಮನೆಗಳು ಬಂದವು, ರಸ್ತೆ ಬಂತು. ಸಮತಟ್ಟಾದ ನೆಲ ಯಾರಿಗೆ ಬೇಡ? ಕ್ಯಾಲಿಫೋರ್ನಿಯಾದ ವಸಂತದ ಹೊಂಡಗಳಲ್ಲಿ ಬಹುಪಾಲು ಹೀಗೇ ಮಟ್ಟವಾಗಿ ಹೋದವು. 1997ರ ಜೂನ್‌ನಲ್ಲಿ ಸರ್ಕಾರ ಇದನ್ನು ಇನ್ನೂ ಮೂರು ಗಿಡಗಳ ಜೊತೆ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಈಗ ಹೆಚ್ಚಾಗಿ ಉಳಿದಿರುವುದು ಸೊಲಾನೊ ಕೌಂಟಿಯ ಫೇರ್‌ಫೀಲ್ಡ್ ಸುತ್ತಮುತ್ತ. ಟ್ರಾವಿಸ್ ವಾಯುನೆಲೆಯ ಒಳಗೂ ಇದೆ.

ಆ ವಾಯುನೆಲೆಯಲ್ಲಿ ನಡೆದ ಒಂದು ಪ್ರಯೋಗ ನಿನಗೆ ಹೇಳಲೇಬೇಕು. ಶರೋನ್ ಕಾಲಿಂಜ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 1999ರಲ್ಲಿ ಅಲ್ಲಿ 256 ಹೊಂಡಗಳನ್ನು ತೋಡಿಸಿದರು. ಈ ಹೂವಿನ ಬೀಜ ಹಾಕಿದರು, ಬೇರೆ ಸ್ಥಳೀಯ ಗಿಡಗಳದ್ದೂ ಹಾಕಿದರು. ವರ್ಷಾನುಗಟ್ಟಲೆ ಎಣಿಸಿದರು. ಮೊದಮೊದಲು ಹೂವು ಚೆನ್ನಾಗಿ ಬಂತು. ಅದನ್ನು ಓದುವಾಗ ನನಗೆ ಖುಷಿಯಾಗಿತ್ತು, ಅಂತೂ ದಾರಿ ಸಿಕ್ಕಿತು ಅಂತ. ಆದರೆ ವರ್ಷ ಕಳೆದಂತೆ ಹೊರಗಿನಿಂದ ಬಂದ ಹುಲ್ಲು ಹೊಂಡಗಳ ಒಳಗೆ ಇಳಿಯಿತು, ಹೂವು ಕಡಿಮೆಯಾಗುತ್ತಾ ಹೋಯಿತು. "ಇಲ್ಲಿ ಮನೆ ಕಟ್ಟುತ್ತೇವೆ, ಅಲ್ಲಿ ಹೊಸ ಹೊಂಡ ತೋಡಿ ಕೊಡುತ್ತೇವೆ" ಅನ್ನುವ ಮಾತು ಕೇಳಲು ನ್ಯಾಯವಾಗಿಯೇ ಇರುತ್ತದೆ. ನಾನೂ ಮೊದಲು ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ.

ಈಗ ನನ್ನ ತಲೆಯನ್ನೇ ತಿರುಗಿಸಿದ ಸಂಗತಿ. ನಾವು ನಿಂತಿದ್ದ ಜಾಗದಿಂದ ಸ್ವಲ್ಪ ದೂರದಲ್ಲಿ ದನ ಮೇಯುತ್ತಿದ್ದವು. ನನಗೆ ಸಿಟ್ಟೇ ಬಂತು. ನಮಗೆ ಹೆಜ್ಜೆ ಎಣಿಸಿ ಇಡಲು ಹೇಳಿ, ದನಗಳನ್ನು ಹೀಗೆ ಬಿಟ್ಟಿದ್ದೀರಲ್ಲ ಅಂತ ಕೇಳಿದೆ. "ಬಿಟ್ಟಿರುವುದೇ ಹೂವಿಗೋಸ್ಕರ" ಅಂದರು.

ವಿಷಯ ಏನೆಂದರೆ, ಕ್ಯಾಲಿಫೋರ್ನಿಯಾದ ಬಯಲುಗಳಲ್ಲಿ ನಾವು ನೋಡುವ ಹುಲ್ಲಿನಲ್ಲಿ ಹೆಚ್ಚಿನದು ಯುರೋಪಿನಿಂದ ಬಂದದ್ದು. ಇಟಾಲಿಯನ್ ರೈಗ್ರಾಸ್ ಅಂಥದ್ದು ಹೊಂಡದ ಅಂಚಿಗೂ ಇಳಿಯುತ್ತದೆ. ಅದು ಬೆಳೆದು ಒಣಗಿದ ಮೇಲೆ ನೆಲದ ಮೇಲೆ ಚಾಪೆ ಹಾಸಿದಂತೆ ಬೀಳುತ್ತದೆ. ಆ ಹಾಸಿನ ಕೆಳಗೆ ಹೂವಿನ ಮೊಳಕೆಗೆ ಬೆಳಕೇ ಸಿಗುವುದಿಲ್ಲ. ಸಾಲದ್ದಕ್ಕೆ ಹುಲ್ಲು ನೀರನ್ನೂ ಹೀರಿ ಹೊಂಡವನ್ನು ಬೇಗ ಒಣಗಿಸುತ್ತದೆ. ಜೇಮಿ ಮಾರ್ಟಿ ಎಂಬ ವಿಜ್ಞಾನಿ ಸ್ಯಾಕ್ರಮೆಂಟೊ ಕಡೆ ಮೂರು ವರ್ಷ ಇದನ್ನೇ ಅಳೆದು 2005ರಲ್ಲಿ ಬರೆದರು. ದನ ಬಿಡದೆ ಬೇಲಿ ಹಾಕಿದ ಹೊಂಡಗಳಲ್ಲಿ ಹೊರಗಿನ ಹುಲ್ಲು ಶೇಕಡ 88ರಷ್ಟು ಜಾಸ್ತಿಯಾಗಿತ್ತು. ಸ್ಥಳೀಯ ಗಿಡಗಳ ಪಾಲು ಶೇಕಡ 47ರಷ್ಟು ಕಡಿಮೆಯಾಗಿತ್ತು. ನೀರು ನಿಲ್ಲುವ ಕಾಲವಂತೂ ಶೇಕಡ 50ರಿಂದ 80ರಷ್ಟು ಇಳಿದಿತ್ತು. ಅಂದರೆ ಒಳ್ಳೆಯ ಮನಸ್ಸಿನಿಂದ ಹಾಕಿದ ಬೇಲಿಯೇ ಹೊಂಡವನ್ನು ಕೊಲ್ಲುತ್ತಿತ್ತು. ವಾರ್ಮ್ ಸ್ಪ್ರಿಂಗ್ಸ್‌ನಲ್ಲೂ ಹುಲ್ಲನ್ನು ಹತೋಟಿಯಲ್ಲಿಡಲು ದನ ಮೇಯಿಸುತ್ತಾರೆ.

ಇದು ನನಗೆ ತುಂಬಾ ಹೊತ್ತು ಕಾಡಿತು. ಕಾಪಾಡುವುದು ಅಂದರೆ ಬೇಲಿ ಹಾಕಿ ಸುಮ್ಮನೆ ಬಿಡುವುದು ಅಂದುಕೊಂಡಿದ್ದೆ. ಇಲ್ಲ ಕಣೋ. ನಾವೇ ತಂದು ಹಾಕಿದ ಹುಲ್ಲು ಅಲ್ಲಿರುವಷ್ಟು ದಿನ ಯಾರಾದರೂ ಪ್ರತಿ ವರ್ಷ ಬಂದು ನೋಡಬೇಕು. ಎಷ್ಟು ದನ, ಯಾವ ತಿಂಗಳು, ಈ ವರ್ಷ ಮಳೆ ಎಷ್ಟು ಅಂತ ಲೆಕ್ಕ ಹಾಕಬೇಕು. ಹೂವು ಎಣಿಸಬೇಕು. ಮಂಡಿಯೂರಿ ಎಣಿಸುವವರಿದ್ದಾರೆ. ನಾವಿಬ್ಬರೂ ಆ ರಸ್ತೆಯಲ್ಲಿ ಹೋಗುತ್ತಿದ್ದಾಗಲೂ ಒಳಗೆ ಯಾರೋ ಆ ಕೆಲಸ ಮಾಡುತ್ತಿದ್ದರು.

ಒಂದು ವಿಷಯಕ್ಕೆ ಮಾತ್ರ ಹೆದರಿಕೆಯಾಗುತ್ತದೆ. 2023ರ ಮೇ ತಿಂಗಳಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಸ್ಯಾಕೆಟ್ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ಹೊಳೆ, ಸರೋವರದಂಥ ಶಾಶ್ವತ ನೀರಿಗೆ ಮೇಲ್ಮೈಯಲ್ಲಿ ಎಡೆಬಿಡದೆ ಸೇರಿಕೊಂಡ ಜೌಗಿಗೆ ಮಾತ್ರ ಕೇಂದ್ರದ ಶುದ್ಧ ನೀರಿನ ಕಾಯಿದೆಯ ರಕ್ಷಣೆ ಎಂದು. ನಮ್ಮ ಹೊಂಡ ಯಾವ ಹೊಳೆಗೂ ಸೇರುವುದಿಲ್ಲ, ಅದರ ಗುಣವೇ ಅದು. ಒಂಟಿಯಾಗಿ ನಿಲ್ಲುವುದರಿಂದಲೇ ಅದು ಅದಾಗಿದೆ. ಧಾಮದ ಒಳಗಿನ ಹೊಂಡಗಳಿಗೆ ತೊಂದರೆಯಿಲ್ಲ. ಕ್ಯಾಲಿಫೋರ್ನಿಯಾಕ್ಕೆ ತನ್ನದೇ ನಿಯಮಗಳೂ ಇವೆ. ಖಾಸಗಿ ಜಮೀನಿನಲ್ಲಿ ಉಳಿದಿರುವವುಗಳ ಮೇಲೆಯೇ ನನ್ನ ಚಿಂತೆ. ಗಿಡ ಅಳಿವಿನ ಪಟ್ಟಿಯಲ್ಲಿದ್ದರೂ, ಅದು ಖಾಸಗಿ ನೆಲದಲ್ಲಿದ್ದರೆ ಪ್ರಾಣಿಗೆ ಸಿಗುವಷ್ಟು ರಕ್ಷಣೆ ಕೇಂದ್ರದ ಕಾಯಿದೆಯಲ್ಲಿ ಗಿಡಕ್ಕೆ ಸಿಗುವುದಿಲ್ಲ. ಇದು ನನಗೆ ಸರಿ ಕಾಣಲಿಲ್ಲ.

ವಾಪಸ್ ಬರುವ ಮೊದಲು ಒಮ್ಮೆ ತಿರುಗಿ ನೋಡಿದೆ. ಒಂದು ಕಡೆ ಮಿಷನ್ ಪೀಕ್ ಬೆಟ್ಟ, ಇನ್ನೊಂದು ಕಡೆ ರಸ್ತೆ, ಅದರ ಮೇಲೆ ಸಾಲಾಗಿ ಕಾರುಗಳು. ಅಲ್ಲಿಂದ ಇತ್ತ ನೋಡುತ್ತಿದ್ದವರಿಗೆ ಏನು ಕಂಡಿತು ಅಂತ ನನಗೆ ಚೆನ್ನಾಗಿ ಗೊತ್ತು.

ಮುಂದಿನ ವಸಂತಕ್ಕೆ ಹೆಸರು ಬರೆಸಲು ಶುರುಮಾಡಿದ ತಕ್ಷಣ ಇಬ್ಬರ ಹೆಸರೂ ಕೊಡುತ್ತೇನೆ. ಮಳೆ ಚೆನ್ನಾಗಿ ಬಂದರೆ ನೀನು ಏಪ್ರಿಲ್‌ನಲ್ಲಿ ಒಂದು ವಾರ ರಜೆ ಹಾಕಿ ಬಾ. ಕೆಸರಿಗೆ ಆಗುವಂಥ ಬೂಟು ತಾ. ಭೂತಗನ್ನಡಿ ನನ್ನ ಹತ್ತಿರ ಇದೆ.

ಇಂತಿ ನಿನ್ನ,
ಹಳೆಯ ಕಾರಿನ ಜೊತೆಗಾರ